ಮೊದಲ ಮಹಾಯುದ್ಧದ ತೀರ್ಪು ಬಂದದ್ದು ನೆಲದಲ್ಲೋ, ಕಡಲಿನಲ್ಲೋ?

ಇತಿಹಾಸಪ್ರಿಯ:
ಮೊದಲ ಮಹಾಯುದ್ಧವೆಂದೊಡನೆ ಫ್ರಾನ್ಸಿನ ರಣರಂಗಗಳಾದ ವರ್ಡನ್, ಸೋಮ್‌ಗಳ ಕಂದಕಗಳೇ ಕಣ್ಣಿಗೆ ಕಟ್ಟುತ್ತವೆ. ಕಡಲಿನಲ್ಲಾದರೆ ಎರಡೂ ಕಡೆಯ ಮುಖ್ಯ ನೌಕಾಬಲಗಳು ಪೂರ್ಣಪ್ರಮಾಣದಲ್ಲಿ ಸೆಣಸಿದ್ದು ಒಂದೇ ಬಾರಿ, 1916ರ ಮೇ 31ರಂದು ಡೆನ್ಮಾರ್ಕಿನ ತೀರದಾಚೆ, ಜಟ್‌ಲ್ಯಾಂಡ್ ಬಳಿ. ಅಲ್ಲಿ ಬ್ರಿಟನ್ 14 ಹಡಗುಗಳನ್ನೂ ಆರು ಸಾವಿರಕ್ಕೂ ಹೆಚ್ಚು ಜನರನ್ನೂ ಕಳೆದುಕೊಂಡಿತು. ಜರ್ಮನಿ ಕಳೆದುಕೊಂಡದ್ದು 11 ಹಡಗು, ಸುಮಾರು 2,500 ಜನ. ಹೀಗಿದ್ದರೂ ಜರ್ಮನಿಯನ್ನು ಮಣಿಸಿದ್ದು ಬ್ರಿಟಿಷ್ ನೌಕಾಪಡೆಯೇ ಎಂದು ವಾದಿಸುವವರಿದ್ದಾರೆ. ಈ ವಾದಕ್ಕೆ ಆಧಾರವೇನು?

ಕಡಲಹಾದಿ:
ಮುಳುಗಿದ ಹಡಗುಗಳ ಲೆಕ್ಕದಿಂದ ಜಟ್‌ಲ್ಯಾಂಡನ್ನು ಅಳೆಯಲಾಗದು. ಮರುದಿನವೂ ಉತ್ತರ ಸಮುದ್ರದ ಒಡೆತನ ಬ್ರಿಟನ್ನಿನದೇ ಆಗಿತ್ತು. ಜರ್ಮನ್ ನೌಕಾಬಲದ ಮುಖ್ಯಸ್ಥ ಶೀರ್ ಕೂಡ, ಎಷ್ಟೇ ಅನುಕೂಲಕರವಾದ ನೌಕಾಕದನವೂ ಬ್ರಿಟನ್ನನ್ನು ಸಂಧಾನಕ್ಕೆ ಎಳೆಯಲಾರದು ಎಂದು ಅದೇ ಜುಲೈನಲ್ಲಿ ಜರ್ಮನ್ ಚಕ್ರವರ್ತಿ ಕೈಸರನಿಗೆ ವರದಿ ಮಾಡಿದ. ಒಂದೆಡೆ ಡೋವರ್ ಜಲಸಂಧಿ, ಇನ್ನೊಂದೆಡೆ ಸ್ಕಾಟ್ಲೆಂಡ್ ಮತ್ತು ನಾರ್ವೆಗಳ ನಡುವಿನ ಹಾದಿ, ಇವೆರಡನ್ನೂ ಕಾದರೆ ಜರ್ಮನಿಯ ಬಂದರುಗಳ ಸಮೀಪಕ್ಕೆ ಹೋಗದೆಯೇ ಅದರ ಸಾಗರೋತ್ತರ ವ್ಯಾಪಾರವನ್ನು ನಿಲ್ಲಿಸಬಹುದಿತ್ತು. ಇದೇ ಬ್ರಿಟನ್ನಿನ ದಿಗ್ಬಂಧನ. ನೆದರ್ಲೆಂಡ್ಸ್‌ನಂತಹ ತಟಸ್ಥ ದೇಶಗಳ ಮೂಲಕ ಸರಕು ನುಸುಳದಂತೆ ಅವುಗಳ ಆಮದಿಗೂ ಕ್ರಮೇಣ ಮಿತಿ ಬಿತ್ತು. ಸಿಡಿಮದ್ದಿಗೂ ಗೊಬ್ಬರಕ್ಕೂ ಬೇಕಾದ ಚಿಲಿಯ ನೈಟ್ರೇಟ್ ನಿಂತಾಗ ಜರ್ಮನ್ ರಸಾಯನಶಾಸ್ತ್ರಜ್ಞರು ಗಾಳಿಯ ಸಾರಜನಕದಿಂದಲೇ ಅಮೋನಿಯಾ ತಯಾರಿಸಿದರು, ನಿಜ. ಆದರೆ ಅದರಲ್ಲಿ ಸಿಡಿಮದ್ದಿಗೆ ಮೊದಲ ಪಾಲು ಸಂದದ್ದರಿಂದ ಹೊಲಗಳಿಗೆ ಗೊಬ್ಬರ ಸಾಲದಾಯಿತು.

ಕಂದಕವಾಸಿ:
ಜರ್ಮನಿಯ ಹಸಿವಿನ ಹೊಣೆಯನ್ನೆಲ್ಲ ದಿಗ್ಬಂಧನದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ರೈತರನ್ನೂ ಕುದುರೆಗಳನ್ನೂ ಸೈನ್ಯ ಸೆಳೆದುಕೊಂಡಿತ್ತು, 1916ರಲ್ಲಿ ಆಲೂಗಡ್ಡೆಯ ಬೆಳೆ ಕೈಕೊಟ್ಟಿತ್ತು, ಸರ್ಕಾರದ ಬೆಲೆ ನಿಯಂತ್ರಣವಂತೂ ಧಾನ್ಯವನ್ನು ಕಾಳಸಂತೆಗೆ ಅಟ್ಟಿತ್ತು. ಅಷ್ಟು ಹಸಿದಿದ್ದ ದೇಶವೇ 1918ರ ಮಾರ್ಚ್ 21ರಂದು ಪಶ್ಚಿಮ ರಂಗದಲ್ಲಿ ಭಾರಿ ದಾಳಿ ನಡೆಸಿತು. ಅದರ ಬೆನ್ನು ಮುರಿದದ್ದು ಆಗಸ್ಟ್ 8ರಂದು ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ಆರಂಭವಾದ ಸರಣಿ ಸೋಲುಗಳು. ಸೆಪ್ಟೆಂಬರ್ 29ರಂದು ಜರ್ಮನಿಯ ಜೊತೆಗಾರ ಬಲ್ಗೇರಿಯಾ ಕದನವಿರಾಮಕ್ಕೆ ಸಹಿ ಹಾಕಿದ ದಿನವೇ ಜರ್ಮನ್ ಸೇನಾನಾಯಕ ಲುಡೆನ್‌ಡಾರ್ಫ್ ತಮ್ಮ ಸರ್ಕಾರವೂ ಕದನವಿರಾಮ ಕೇಳಬೇಕೆಂದು ಪಟ್ಟು ಹಿಡಿದ. ಆಗ ಅವನ ಕಣ್ಣಿದ್ದದ್ದು ಕುಸಿಯುತ್ತಿದ್ದ ಭೂರಂಗಗಳ ಮೇಲೆ.

ಬೆಂಗಾವಲು:
ಅಮಿಯೆನ್ಸ್‌ನ ವಿಷಯ ಸರಿ, ಆದರೆ ಅಲ್ಲಿ ಗೆದ್ದ ಬ್ರಿಟನ್, ಫ್ರಾನ್ಸ್ ಮೊದಲಾದ ಮಿತ್ರರಾಷ್ಟ್ರಗಳ ಸೈನ್ಯಗಳಿಗೆ ಗುಂಡು, ಇಂಧನ, ಗೋಧಿ ಬಂದ ದಾರಿ ಯಾವುದು? ನನ್ನ ದೃಷ್ಟಿಯಲ್ಲಿ ಈ ಯುದ್ಧದ ನಿಜವಾದ ನೌಕಾಕದನ ಜಟ್‌ಲ್ಯಾಂಡ್ ಅಲ್ಲ, 1917ರ ಜಲಾಂತರ್ಗಾಮಿ ಸಮರ. ತಿಂಗಳಿಗೆ ಆರು ಲಕ್ಷ ಟನ್ ಹಡಗುಗಳನ್ನು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಶರಣಾಗುವುದೆಂದು ಜರ್ಮನಿಯ ಅಡ್ಮಿರಲ್ ಹೋಲ್ಟ್‌ಜೆಂಡಾರ್ಫ್ ಲೆಕ್ಕ ಹಾಕಿದ್ದ. ಫೆಬ್ರವರಿ 1ರಿಂದ ಯಾವ ಮಿತಿಯೂ ಇಲ್ಲದ ದಾಳಿ ಶುರುವಾಯಿತು, ಏಪ್ರಿಲ್‌ನಲ್ಲಿ ನಷ್ಟ ಎಂಟೂವರೆ ಲಕ್ಷ ಟನ್ ದಾಟಿತು. ಮುಳುಗಿಸುವ ಲೆಕ್ಕ ತಪ್ಪಿರಲಿಲ್ಲ. ಎದುರಾಳಿ ಏನು ಮಾಡಬಹುದೆಂಬ ಲೆಕ್ಕ ತಪ್ಪಿತ್ತು. ಮೇ ತಿಂಗಳಿಂದ ಸರಕು ಹಡಗುಗಳು ಬೆಂಗಾವಲಿನೊಂದಿಗೆ ಗುಂಪಾಗಿ ಸಾಗತೊಡಗಿದವು. ಚದುರಿದ ನೂರಾರು ಹಡಗುಗಳಿಗಿಂತ ಒಂದು ಗುಂಪನ್ನು ವಿಶಾಲ ಸಾಗರದಲ್ಲಿ ಪತ್ತೆಹಚ್ಚುವುದು ಕಷ್ಟ. ಪತ್ತೆಯಾದರೂ ಜಲಾಂತರ್ಗಾಮಿ ಕಾವಲು ನೌಕೆಗಳ ಬಾಯಿಗೇ ಬರಬೇಕಾಗಿತ್ತು. (ಇಂಥ ಸರಳ ಉಪಾಯಕ್ಕೆ ಬ್ರಿಟಿಷ್ ನೌಕಾಧಿಕಾರಿಗಳೇ ಬಹುಕಾಲ ಅಡ್ಡಿಯಾಗಿದ್ದರು ಎಂಬುದು ಸೋಜಿಗ.) ಈ ನಡುವೆ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕಿಳಿದಿತ್ತು, ಯುದ್ಧ ಮುಗಿಯುವ ಹೊತ್ತಿಗೆ ಅದರ ಸುಮಾರು ಇಪ್ಪತ್ತು ಲಕ್ಷ ಸೈನಿಕರು ಕಡಲು ದಾಟಿ ಫ್ರಾನ್ಸ್ ತಲುಪಿದ್ದರು.

ಇತಿಹಾಸಪ್ರಿಯ:
ಹಾಗಾದರೆ ನೌಕಾಪಡೆ ಗೆಲುವನ್ನು ಸಾಧ್ಯವಾಗಿಸಿತು, ಸೈನ್ಯ ಗೆದ್ದಿತು ಎನ್ನಬಹುದೇ?

ಕಡಲಹಾದಿ:
ಬಹುಮಟ್ಟಿಗೆ ಹೌದು, ಆದರೆ ಕೊನೆಯ ಎರಡು ವಾರಗಳನ್ನು ಮರೆಯಬೇಡಿ. 1918ರ ಅಕ್ಟೋಬರ್ ಕೊನೆಯಲ್ಲಿ ಅಂತಿಮ ಕದನಕ್ಕೆ ಹೊರಡುವ ಆದೇಶವನ್ನು ಜರ್ಮನ್ ನಾವಿಕರು ಧಿಕ್ಕರಿಸಿದರು. ನವೆಂಬರ್ 3ರಂದು ಕೀಲ್ ಬಂದರಿನಲ್ಲಿ ಎದ್ದ ದಂಗೆ ಬರ್ಲಿನ್‌ವರೆಗೂ ಹರಡಿ, 9ರಂದು ಕೈಸರನ ಪದತ್ಯಾಗ ಘೋಷಣೆಯಾಯಿತು. 11ರಂದು ಕದನವಿರಾಮವಾದರೂ ದಿಗ್ಬಂಧನವನ್ನು ಮಿತ್ರರಾಷ್ಟ್ರಗಳು ತೆರವುಗೊಳಿಸಲಿಲ್ಲ. ಆಹಾರಕ್ಕೆ ಮಾರ್ಚ್‌ನಲ್ಲಿ ಸಡಿಲಿಕೆ ಸಿಕ್ಕರೂ, ಜರ್ಮನಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ, ಅಂದರೆ 1919ರ ಜುಲೈನಲ್ಲಿ, ಅದು ಪೂರ್ತಿ ಮುಗಿದದ್ದು. ತಮ್ಮ ಕೈಯಲ್ಲಿದ್ದ ಪ್ರಬಲ ಅಸ್ತ್ರ ಯಾವುದೆಂಬುದರ ಬಗ್ಗೆ ಗೆದ್ದವರಿಗೆ ಅನುಮಾನವಿದ್ದಂತೆ ಕಾಣುವುದಿಲ್ಲ.