ಆಂಪ್ಲಿ ‘ತೆಗೆಯಿರಿ’ ಅಂದರೆ ಹಾಕುವುದೋ, ಆರಿಸುವುದೋ?

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಮೈಕ್ ಸೆಟ್ ನೋಡಿಕೊಳ್ಳುತ್ತೇನೆ. ರ್‍ಯಾಕಿಗೆ ಅಂಟಿಸಲು ಕನ್ನಡದಲ್ಲಿ ಒಂದು ಚೀಟಿ ಬರೆಯಬೇಕು. ಸರಿಯಾದ ಕ್ರಿಯಾಪದ ಸಿಗದೆ ನಿಮ್ಮನ್ನು ಕೇಳುತ್ತಿದ್ದೇನೆ.

ನಮ್ಮ ರ್‍ಯಾಕಿನಲ್ಲಿ ಮೇಲೆ ಮಿಕ್ಸರ್ (ಮೈಕುಗಳ ದನಿ ಕೂಡಿಸುವುದು), ನಡುವೆ ಕ್ರಾಸೋವರ್ (ದಪ್ಪ ದನಿ, ಸಣ್ಣ ದನಿ ಬೇರೆ ಮಾಡುವುದು), ತಳದಲ್ಲಿ ಎರಡು ಆಂಪ್ಲಿ, ಅಂದರೆ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್. ಸ್ವಿಚ್ ಹಾಕುವಾಗ ಮೇಲಿಂದ ಕೆಳಕ್ಕೆ ಬರಬೇಕು, ಆಂಪ್ಲಿ ಕೊನೆಗೆ. ಮುಗಿಸುವಾಗ ಕೆಳಗಿಂದ ಮೇಲಕ್ಕೆ, ಆಂಪ್ಲಿ ಮೊದಲು. ಮಿಕ್ಸರಿಗೆ ಕರೆಂಟ್ ಬಂದಾಗಲೂ ಹೋದಾಗಲೂ ಅದರ ಔಟ್‌ಪುಟ್‌ನಲ್ಲಿ ವೋಲ್ಟೇಜ್ ಒಂದು ಕ್ಷಣ ಜಿಗಿಯುತ್ತದೆ. ಆಗ ಆಂಪ್ಲಿ ಚಾಲೂ ಇದ್ದರೆ ಆ ಜಿಗಿತವನ್ನೇ ದೊಡ್ಡದು ಮಾಡಿ ಸ್ಪೀಕರ್ ಬಾಕ್ಸಿಗೆ ಕಳಿಸುತ್ತದೆ. ‘ಧಬ್’ ಅಂತ ಕೇಳುವುದು ಅದೇ. ಎರಡು ಆಂಪ್ಲಿಗಳ ನಡುವೆಯೂ ಐದಾರು ಸೆಕೆಂಡ್ ಬಿಡಬೇಕು. ಒಳಗೆ ಚಾರ್ಜ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತವೆ, ಎರಡೂ ಒಟ್ಟಿಗೆ ಎಳೆದರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್) ಟ್ರಿಪ್ ಆಗಬಹುದು.

ಹಳೆಯ ಚೀಟಿಯಲ್ಲಿ ನಾನೇ ಹೀಗೆ ಬರೆದಿದ್ದೆ: ‘ಮೊದಲು ಆಂಪ್ಲಿ ತೆಗೆಯಿರಿ, ಆಮೇಲೆ ಮಿಕ್ಸರ್’. ಮುಗಿಸುವಾಗಿನ ಕ್ರಮ ಅದು. ಒಂದು ಮುಹೂರ್ತದ ಬೆಳಗಿನ ಜಾವ ಹೊಸದಾಗಿ ಸೇರಿದ ಹುಡುಗ ಬಂದು, ಚೀಟಿ ಓದಿ, ಮೊದಲು ಆಂಪ್ಲಿ ಆನ್ ಮಾಡಿದ್ದಾನೆ. ಆಮೇಲೆ ಮಿಕ್ಸರ್. ಆಂಪ್ಲಿಯ ವಾಲ್ಯೂಮ್ ಸೊನ್ನೆಗೆ ಇಳಿಸಿರಲಿಲ್ಲ. ಒಂದು ಬಾಕ್ಸಿನ ಟ್ವೀಟರ್, ಅಂದರೆ ಕೀರಲು ದನಿಯ ಸಣ್ಣ ಸ್ಪೀಕರ್, ಅಲ್ಲಿಗೇ ಹೋಯಿತು. ಬಿಚ್ಚಿ ನೋಡಿದರೆ ಕೂದಲಿನಷ್ಟು ಸಣ್ಣ ಕಾಯಿಲ್ ತಂತಿ ಬೆಸುಗೆಯ ಹತ್ತಿರ ಕಪ್ಪಾಗಿ ಕಡಿದಿತ್ತು. ‘ನೀವೇ ಬರ್ದಿದ್ರಲ್ಲಣ್ಣ, ಮೊದ್ಲು ಆಂಪ್ಲಿ ತೆಗೀರಿ ಅಂತ’ ಅಂದ. ಅವನ ಓದು ತಪ್ಪಲ್ಲ. ಬೆಳಿಗ್ಗೆ ಎದ್ದು ಅಂಗಡಿ ತೆಗೆಯುತ್ತೇವೆ, ಬಾಗಿಲು ತೆಗೆಯುತ್ತೇವೆ. ಹಾಸನಾಂಬೆಯ ಗುಡಿಯನ್ನು ವರ್ಷಕ್ಕೊಮ್ಮೆ ತೆಗೆದು, ದೀಪಾವಳಿ ಕಳೆದ ಮೇಲೆ ಹಾಕುತ್ತಾರೆ. ಈ ಊರಿನ ಹುಡುಗನಿಗೆ ‘ತೆಗೆ’ ಶುರು ಮಾಡುವ ಮಾತು. ಮೇನ್ ತೆಗಿ, ಫ್ಯೂಸ್ ತೆಗಿ ಅಂತ ವೈರಿಂಗ್ ಕೆಲಸದವರ ಬಾಯಲ್ಲಿ ಕೇಳಿ ಬೆಳೆದ ನನಗೆ ಅದು ನಿಲ್ಲಿಸುವ ಮಾತು.

‘ಹಾಕು’ ಕೂಡ ಹಾಗೇ. ‘ಪೇಟೆಯಲ್ಲಿ ಅಂಗಡಿ ಹಾಕಿದ್ದಾನೆ’ ಅಂದರೆ ಹೊಸ ವ್ಯಾಪಾರ. ‘ಹೋಗಿದ್ದೆ, ಅಂಗಡಿ ಹಾಕಿತ್ತು’ ಅಂದರೆ ಬಾಗಿಲು ಮುಚ್ಚಿತ್ತು. ಲೈಟ್ ಹಾಕಿದರೆ ಬೆಳಕು, ಬಾಗಿಲು ಹಾಕಿದರೆ ಕತ್ತಲೆ. ಆದರೆ ಸ್ವಿಚ್ಚಿನೊಳಗೆ ಆಗುವುದನ್ನು ನೋಡಿದರೆ ಇವೆರಡೂ ಒಂದೇ ಕೆಲಸ: ಹಾಕಿದಾಗ ಎರಡು ಲೋಹದ ತುದಿ ಕೂಡಿಕೊಂಡು ಸರ್ಕ್ಯೂಟ್ ಮುಚ್ಚುತ್ತದೆ, ತೆಗೆದಾಗ ಬಿಚ್ಚಿಕೊಳ್ಳುತ್ತದೆ. ಬಾಗಿಲಿನ ಮಾತು ಕರೆಂಟಿಗೆ ಇಷ್ಟು ಸರಿಯಾಗಿ ಕೂತಿರುವುದು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು. ಚೀಟಿಗೆ ಮಾತ್ರ ಅದರಿಂದ ಉಪಯೋಗವಾಗಲಿಲ್ಲ.

ನನ್ನ ಮನಸ್ಸು ‘ಆರಿಸಿ’ ಕಡೆಗಿದೆ. ಕಾಫಿ ಆರುತ್ತದೆ, ಗಾಯ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಎಲ್ಲವೂ ನಿಧಾನಕ್ಕೆ. ನಮ್ಮ ಹಳೆಯ ಆಂಪ್ಲಿಯೂ ಹಾಗೆಯೇ. ಸ್ವಿಚ್ ಒತ್ತಿದ ಮೇಲೂ ಕೆಪಾಸಿಟರಿನಲ್ಲಿ ಉಳಿದದ್ದರಿಂದ ಹಾಡು ಎರಡು ಮೂರು ಸೆಕೆಂಡ್ ಸಣ್ಣಗಾಗುತ್ತಾ ಹೋಗುತ್ತದೆ, ಕೆಂಪು ದೀಪ ಅದಕ್ಕೂ ನಿಧಾನ. ಅದು ಪೂರ್ತಿ ಆರುವವರೆಗೆ ಮಿಕ್ಸರ್ ಮುಟ್ಟಬಾರದು ಅನ್ನುವುದನ್ನು ಈ ಪದ ತಾನೇ ಹೇಳುತ್ತದೆ. ತೊಡಕು ಎರಡಿದೆ. ‘ಮೊದಲು ಆಂಪ್ಲಿ ಆರಿಸಿ’ ಅಂದರೆ ‘ಆಯ್ಕೆ ಮಾಡಿ’ ಅಂತಲೂ ಓದಬಹುದು. ಇನ್ನೊಂದು, ಮದುವೆ ಮನೆ. ನಮ್ಮಮ್ಮ ದೇವರ ದೀಪಕ್ಕೆ ‘ಆರಿಸು’ ಅನ್ನುವುದಿಲ್ಲ, ‘ಶಾಂತ ಮಾಡು’ ಅನ್ನುತ್ತಾರೆ. ‘ನಂದಿಸು’ ಅಂತೂ ಬೇಡವೇ ಬೇಡ. ‘ನಿಲ್ಲಿಸು’ ಫ್ಯಾನಿಗೆ ಸರಿ, ಆಂಪ್ಲಿಗೆ ಯಾಕೋ ಒಗ್ಗುವುದಿಲ್ಲ. ‘ಆಫ್ ಮಾಡಿ’ ಎಲ್ಲರಿಗೂ ತಿಳಿಯುತ್ತದೆ, ಬೇರೆ ಏನೂ ಸಿಗದಿದ್ದರೆ ಅದನ್ನೇ ಬರೆಯುತ್ತೇನೆ.

ನಿಮ್ಮ ಕಡೆ ಪಂಪ್‌ಸೆಟ್, ಗಿರಣಿ, ಮೈಕ್ ಸೆಟ್ ಕೆಲಸದವರು ಇದಕ್ಕೆ ಏನನ್ನುತ್ತಾರೆ? ‘ಬಂದ್ ಮಾಡು’ ಹುಬ್ಬಳ್ಳಿ–ಧಾರವಾಡದ ಗೆಳೆಯರಿಂದ ಕೇಳಿದ್ದೇನೆ, ಅದಲ್ಲದೆ ಬೇರೆ ಇದೆಯೇ?

ಇನ್ನೊಂದು. ಒಂದಾದ ಮೇಲೊಂದು ಉಪಕರಣಕ್ಕೆ ತಾನಾಗಿ ಕರೆಂಟ್ ಕೊಟ್ಟು, ಮುಗಿಸುವಾಗ ಅದೇ ಸಾಲನ್ನು ತಿರುಗಿಸಿ ಕಡಿಯುವ ಪೆಟ್ಟಿಗೆ ಇದೆ, ಸೀಕ್ವೆನ್ಸರ್. ಮಂಟಪಕ್ಕೆ ಒಂದು ತರಿಸುತ್ತಿದ್ದೇವೆ. ಅದರ ಮೇಲೆ ‘ಸರದಿ ಪೆಟ್ಟಿಗೆ’ ಅಂತ ಬರೆದರೆ ನೋಡಿದ ಕೂಡಲೇ ಅರ್ಥವಾದೀತೇ?