ತಾನೇ ಮಡಚಿಕೊಳ್ಳುವ ಹಾಳೆಗಳು: ಪಾಲಿಮರ್ ಎಂಜಿನಿಯರ್ ಜತೆ ಪ್ರಶ್ನೋತ್ತರ

ಹೊಸಬ: ಮೇಡಂ, ಕಾದರೆ ಕುಗ್ಗುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ, ಡಬ್ಬಿಯಾಗಿ ಮಡಚಲೆಂದು ಕಪ್ಪು ಗೆರೆ ಪ್ರಿಂಟ್ ಮಾಡಿ ಇನ್‌ಫ್ರಾರೆಡ್ ದೀಪದ ಕೆಳಗಿಟ್ಟೆ. ಡಬ್ಬಿಯ ಮೂರು ಗೋಡೆ ಎದ್ದವು, ನಾಲ್ಕನೆಯದು ಅರ್ಧಕ್ಕೇ ನಿಂತಿತು. ಇನ್ನೂ ಕಾಯಿಸಿದೆ, ಇಡೀ ಹಾಳೆಯೇ ಮುದುಡಿತು.

ಎಂಜಿನಿಯರ್: ಇದು ನೋಡಬೇಕಾದ ಕೇಸು. ಆ ಹಾಳೆಯನ್ನು ತಯಾರಿಸುವಾಗಲೇ ಬಿಸಿಯಲ್ಲಿ ಎಳೆದು, ಎಳೆತ ಬಿಡದೆ ತಣಿಸಿರುತ್ತಾರೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಿ ಹಳೆ ಅಳತೆಗೆ ಕುಗ್ಗುತ್ತದೆ. ಕಪ್ಪು ಶಾಯಿ ಬೆಳಕನ್ನು ಜಾಸ್ತಿ ಹೀರುತ್ತದೆ, ಅದಕ್ಕೇ ಗೆರೆಯ ಜಾಗ ಮೊದಲು ಕಾಯುತ್ತದೆ. ಅಲ್ಲೂ ಮೇಲ್ಮೈ ಮೊದಲು ಕುಗ್ಗುತ್ತದೆ, ತಳ ಇನ್ನೂ ತಣ್ಣಗಿರುತ್ತದೆ, ಹಾಗಾಗಿ ಹಾಳೆ ಶಾಯಿಯ ಕಡೆಗೆ ಬಾಗುತ್ತದೆ. ಬಿಸಿ ತಳಕ್ಕೂ ಇಳಿಯಿತೋ, ಎರಡೂ ಮೈ ಒಟ್ಟಿಗೆ ಕುಗ್ಗಿ ಮಡಿಕೆ ನಿಲ್ಲುತ್ತದೆ. ಆಮೇಲೆ ಕಾಯಿಸಿದರೆ ಗೆರೆಯಿಲ್ಲದ ಜಾಗವೂ ಹೋಯಿತು. ಹೊಸ ಹಾಳೆ ತಗೊಂಡು ಅರ್ಧ ಸುತ್ತು ತಿರುಗಿಸಿ ಇಡಿ. ಮತ್ತೆ ಅದೇ ಗೋಡೆ ಅರ್ಧಕ್ಕೇ ನಿಂತರೆ ಗೆರೆಯ ತಪ್ಪು, ಅಗಲ ಮಾಡಿ, ಅಗಲವಾದಷ್ಟೂ ಕೋನ ಹೆಚ್ಚು. ಎದುರಿನ ಗೋಡೆ ಅರ್ಧಕ್ಕೇ ನಿಂತರೆ ದೀಪದ ತಪ್ಪು.

ಮನೆಲ್ಯಾಬ್: ಫಾರ್ವರ್ಡ್ ಒಂದು ಬಂದಿದೆ, ಯಾವ ಪ್ಲಾಸ್ಟಿಕ್ ಹಾಳೆ ಆದರೂ ಓವನ್‌ನಲ್ಲಿಟ್ಟರೆ ತಾನೇ ಮಡಚುತ್ತಂತೆ. ನನ್ನ ಹತ್ರ ಪಿವಿಸಿ ಇದೆ.

ಎಂಜಿನಿಯರ್: ಇಡಬೇಡಿ! ಪಿವಿಸಿ ಜಾಸ್ತಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಲೇಸರ್‌ನಲ್ಲೂ ಕತ್ತರಿಸಬೇಡಿ. ಓವನ್ ಎಲ್ಲಾ ಕಡೆ ಒಂದೇ ಸಮ ಕಾಯಿಸುತ್ತದೆ, ಮಡಿಕೆ ಎಲ್ಲಿಂದ ಬರಬೇಕು? ಇಂಥದ್ದನ್ನು ಫಾರ್ವರ್ಡ್ ಮಾಡುವ ಮುಂಚೆ ಒಂದು ನಿಮಿಷ ಯೋಚಿಸಿ.

ಕಾಗದಪ್ರಿಯೆ: ಹೇರ್ ಡ್ರೈಯರ್ ಸಾಕಾ?

ಎಂಜಿನಿಯರ್: ಇಲ್ಲ. ಬಿಸಿಗಾಳಿ ಗೆರೆ ನೋಡಿ ಕಾಯಿಸಲ್ಲ.

ಜೆಲ್ ಆಸಕ್ತ: ನೀರಲ್ಲಿ ಉಬ್ಬುವ ಹೈಡ್ರೋಜೆಲ್ ಮಡಿಕೆ ಎಷ್ಟು ಸಲ ತೆರೆದು ಮುಚ್ಚಬಹುದು?

ಯಂತ್ರಪ್ರೇಮಿ: ಇದೆಲ್ಲ ಆಟಿಕೆ. 2014ರಲ್ಲಿ ಹಾರ್ವರ್ಡ್, ಎಂಐಟಿಯವರ ಚಪ್ಪಟೆ ರೋಬೋಟ್ ಸುಮಾರು 4 ನಿಮಿಷದಲ್ಲಿ ತಾನೇ ಮಡಚಿಕೊಂಡು ನಡೆದುಹೋಯಿತು.

ಕಾಗದಪ್ರಿಯೆ: ಬ್ಯಾಟರಿ, ಮೋಟರ್ ಕೂರಿಸಿದ್ದು ಮನುಷ್ಯರು ಅಲ್ವಾ? ಪೂರ್ತಿ ತಾನೇ ಅಂತ ಹೇಗೆ ಹೇಳ್ತೀರಿ?

ಯಂತ್ರಪ್ರೇಮಿ: ಮಡಚಿದ್ದು ತಾನೇ ತಾನೆ! ಓದದೆ ಸುಮ್ನೆ ವಾದ ಮಾಡ್ಬೇಡಿ.

ಕಾಗದಪ್ರಿಯೆ: ಓದದವರು ಯಾರು ಅಂತ ಗೊತ್ತಾಗ್ತಿದೆ. ಆ ರೋಬೋಟ್‌ನಲ್ಲೂ ಮಡಚಿದ್ದು ಕುಗ್ಗುವ ಪಾಲಿಮರ್ರೇ. ಅದೂ ಆಟಿಕೆಯಾ?

ಮನೆಲ್ಯಾಬ್: ಪಿವಿಸಿ ಬಿಡಿ, ಪಾಲಿಸ್ಟೈರೀನ್ ಆದ್ರೆ ಓವನ್ ನಡೆಯುತ್ತಾ?

ಎಂಜಿನಿಯರ್: ಮೇಲೆ ಹೇಳಿದ್ದೇನೆ. ಓದಿ.

ಹೊಸಬ: ತಿರುಗಿಸಿ ನೋಡಿದೆ ಮೇಡಂ. ಈಗ ಎದುರಿನ ಗೋಡೆ ಅರ್ಧಕ್ಕೇ ನಿಂತಿದೆ.

ಎಂಜಿನಿಯರ್: ಹಾಗಾದರೆ ದೀಪವೇ. ನೇರ ನಡುಮಧ್ಯಕ್ಕೆ ತನ್ನಿ, ಸ್ವಲ್ಪ ಮೇಲೆತ್ತಿ, ನಾಲ್ಕೂ ಗೆರೆಗೆ ಬೆಳಕು ಸಮ ಬೀಳಲಿ. ಗೋಡೆ ಎದ್ದ ತಕ್ಷಣ ದೀಪ ಆರಿಸಿ. ಗೆರೆಯ ಅಗಲ ಮುಟ್ಟಬೇಡಿ.

ಜೆಲ್ ಆಸಕ್ತ: ನನ್ನ ಪ್ರಶ್ನೆ?