ನಿಗದಿತ ಅಂತರದಲ್ಲಿ ಕಡತಕ್ಕೆ ಅಂಕಿ ಬರೆಯುವ ತಂತ್ರಾಂಶ: ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಉಪಕರಣಗಳ ಅಂಕಿಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ತಂತ್ರಾಂಶಗಳನ್ನು ಹಲವು ವರ್ಷಗಳಿಂದ ಬರೆಯುತ್ತಿರುವ ಇಂಜಿನಿಯರ್ ಮೇಡಂ ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವ ಮುನ್ನ ಮೇಲಿನ ಉತ್ತರಗಳನ್ನು ದಯವಿಟ್ಟು ಓದಿಕೊಳ್ಳಿ.

ಪೀಣ್ಯದ ಸದಸ್ಯರು: ನಮಸ್ಕಾರ ಮೇಡಂ. ನಮ್ಮ ಫರ್ನೇಸಿನ ಉಷ್ಣಾಂಶವನ್ನು ವಿಶುವಲ್ ಬೇಸಿಕ್ 6ರಲ್ಲಿ ಬರೆದ ಹಳೆಯ ತಂತ್ರಾಂಶವೊಂದು ದಾಖಲಿಸುತ್ತದೆ. ಐದು ನಿಮಿಷಕ್ಕೊಮ್ಮೆ ಬರೆಯಲೆಂದು ಟೈಮರಿನ ಇಂಟರ್‌ವಲ್‌ಗೆ (ಎರಡು ಬಾರಿಯ ನಡುವಿನ ಅಂತರಕ್ಕೆ) 3,00,000 ಮಿಲಿಸೆಕೆಂಡು ಕೊಟ್ಟರೆ ಅದು ಒಪ್ಪುವುದಿಲ್ಲ.

ಇಂಜಿನಿಯರ್: ಆ ಟೈಮರಿನ ಗರಿಷ್ಠ ಮಿತಿ 65,535 ಮಿಲಿಸೆಕೆಂಡು, ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಟೈಮರನ್ನು ಒಂದು ಸೆಕೆಂಡಿಗೆ ಇಟ್ಟು, ಪ್ರತಿ ಬಾರಿಯೂ ಗಡಿಯಾರ ನೋಡಿ, ಬರೆಯುವ ಹೊತ್ತು ಬಂದಿದ್ದರೆ ಮಾತ್ರ ಬರೆಯುವಂತೆ ಮಾಡಿ. ಟಿಕ್‌ಗಳನ್ನು, ಅಂದರೆ ಟೈಮರಿನ ಪ್ರತಿ ಬಡಿತವನ್ನು, ಮುನ್ನೂರರವರೆಗೆ ಎಣಿಸುವ ದಾರಿಯನ್ನು ಹಿಡಿಯಬೇಡಿ. ಟೈಮರಿನ ಸಂದೇಶಕ್ಕೆ ವಿಂಡೋಸ್ ಬಹಳ ಕಡಿಮೆ ಆದ್ಯತೆ ಕೊಡುವುದರಿಂದ, ತಂತ್ರಾಂಶ ಬೇರೆ ಕೆಲಸದಲ್ಲಿ ಮುಳುಗಿದ್ದಾಗ ಕೆಲವು ಟಿಕ್‌ಗಳು ಬರುವುದೇ ಇಲ್ಲ.

ಮೈಸೂರಿನ ಪ್ರಯೋಗಾಲಯದ ಸದಸ್ಯರು: ಪೈಥಾನಿನಲ್ಲಿ ಓದು, ಬರೆ, ಹತ್ತು ಸೆಕೆಂಡು ನಿದ್ರಿಸು ಎಂದು ಬರೆದಿದ್ದೇನೆ. ದಿನಕ್ಕೆ 8,640 ಸಾಲುಗಳು ಬರಬೇಕಾಗಿದ್ದಲ್ಲಿ 8,470 ಮಾತ್ರ ಬರುತ್ತಿವೆ. ಉಪಕರಣದಲ್ಲಿ ದೋಷವಿರಬಹುದೇ?

ಇಂಜಿನಿಯರ್: ಉಪಕರಣ ಸರಿಯಾಗಿಯೇ ಇದೆ. ಓದಿ ಬರೆಯಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ, ಆಮೇಲೆ ಹತ್ತು ಸೆಕೆಂಡು ನಿದ್ರೆ. ಹೀಗೆ ಒಂದು ಸುತ್ತಿಗೆ 10.2 ಸೆಕೆಂಡು ಆಗುತ್ತದೆ. 86,400ನ್ನು 10.2ರಿಂದ ಭಾಗಿಸಿದರೆ ನಿಮ್ಮ 8,470 ಸಿಗುತ್ತದೆ. ಮುಂದಿನ ಓದಿನ ಹೊತ್ತನ್ನು ಹಿಂದಿನ ನಿಗದಿತ ಹೊತ್ತಿಗೆ ಹತ್ತು ಸೇರಿಸಿ ಲೆಕ್ಕ ಹಾಕಿ, ಅಲ್ಲಿಯವರೆಗೆ ಉಳಿದಷ್ಟು ಮಾತ್ರ ನಿದ್ರಿಸಿ. ಅಂತರವನ್ನು ಅಳೆಯಲು ಎಂದೂ ಹಿಂದಕ್ಕೆ ಸರಿಯದ ಮೊನೊಟಾನಿಕ್ ಗಡಿಯಾರವನ್ನೂ ಸಾಲಿನಲ್ಲಿ ಬರೆಯಲು ಗೋಡೆ ಗಡಿಯಾರದ ಸಮಯವನ್ನೂ (ಕಂಪ್ಯೂಟರ್ ತೋರಿಸುವ ದಿನಾಂಕ ಮತ್ತು ವೇಳೆ) ಬಳಸಿ, ಏಕೆಂದರೆ ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳುವಾಗ ಎರಡನೆಯದು ಹಿಂದಕ್ಕೂ ಸರಿಯಬಲ್ಲದು.

ಬ್ಯಾಡಗಿಯ ಸದಸ್ಯರು: ಮೇಡಂ, ನಾವು ಒಣಮೆಣಸಿನಕಾಯಿಯ ಶೀತಲಗೃಹ ನಡೆಸುತ್ತೇವೆ. ನಿಮಿಷಕ್ಕೊಮ್ಮೆ ಉಷ್ಣಾಂಶ ದಾಖಲಾಗುತ್ತದೆ. ಕಳೆದ ವಾರ ರಾತ್ರಿ ಕರೆಂಟು ಹೋಗಿ ಬಂದಿತು. ಕಂಪ್ಯೂಟರ್ ಯುಪಿಎಸ್‌ನಲ್ಲಿದ್ದುದರಿಂದ ಕಡತದಲ್ಲಿ ಒಂದು ಸಾಲೂ ತಪ್ಪಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಬೆಚ್ಚಗಿತ್ತು, ಕಂಪ್ರೆಸರ್ ನಿಂತಿತ್ತು. ಕಡತದಲ್ಲಿ ಮಾತ್ರ ಆರು ಗಂಟೆಯ ಉದ್ದಕ್ಕೂ 6.4 ಡಿಗ್ರಿ ಎಂದೇ ಇದೆ.

ಇಂಜಿನಿಯರ್: ಈ ಸಂಜೆಯ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ಇದೇ. ಸಾಲು ತಪ್ಪಿದ ಕಡತ ತನ್ನ ದೋಷವನ್ನು ತಾನೇ ತೋರಿಸುತ್ತದೆ. ನಿಮ್ಮದು ಸುಳ್ಳನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದೆ. ಬಹುಶಃ ಕರೆಂಟು ಹೋದಾಗ ಉಷ್ಣಾಂಶದ ಕಂಟ್ರೋಲರ್ ಆರಿತು, ಅಥವಾ ಆರ್‌ಎಸ್‌-485 ಎಂಬ ಉಪಕರಣ ಸಂಪರ್ಕದ ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಕನ್ವರ್ಟರ್ ಕಳಚಿಕೊಂಡಿತು. ಓದುವ ಪ್ರಯತ್ನ ವಿಫಲವಾಯಿತು. ತಂತ್ರಾಂಶ ಬರೆದವರು ಆ ದೋಷವನ್ನು ಹಿಡಿದು ಏನೂ ಮಾಡದೆ ಬಿಟ್ಟಿರಬೇಕು, ಆದ್ದರಿಂದ ಹಳೆಯ ಮೌಲ್ಯವೇ ಉಳಿದುಕೊಂಡಿತು, ಟೈಮರ್ ಅದನ್ನೇ ನಿಮಿಷಕ್ಕೊಮ್ಮೆ ಹೊಸ ಸಮಯದೊಂದಿಗೆ ಬರೆಯುತ್ತ ಹೋಯಿತು. ನಡೆಯುತ್ತಿರುವ ಶೀತಲಗೃಹದಲ್ಲಿ ಉಷ್ಣಾಂಶದ ಕೊನೆಯ ಅಂಕಿ ಕಂಪ್ರೆಸರಿನೊಂದಿಗೆ ಏರಿಳಿಯುತ್ತಲೇ ಇರುತ್ತದೆ. ಆರು ಗಂಟೆ ಅದು ಅಲುಗದಿರುವುದೇ ದೋಷದ ಗುರುತು.

ಓದುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಬೇರ್ಪಡಿಸಿ. ಓದಿದ ಪ್ರತಿ ಮೌಲ್ಯದ ಜೊತೆಗೆ ಅದನ್ನು ಓದಿದ ಸಮಯವನ್ನೂ ಇಟ್ಟುಕೊಳ್ಳಿ. ಬರೆಯುವ ಹೊತ್ತಿಗೆ ಆ ಮೌಲ್ಯ ಒಂದು ನಿಮಿಷಕ್ಕಿಂತ ಹಳೆಯದಾಗಿದ್ದರೆ ಉಷ್ಣಾಂಶದ ಕಾಲಂ ಖಾಲಿ ಇರಲಿ, ಪಕ್ಕದ ಕಾಲಂನಲ್ಲಿ ದೋಷದ ಹೆಸರಿರಲಿ. ಸೊನ್ನೆಯನ್ನು ಬರೆಯಬೇಡಿ, ಅದೂ ಒಂದು ಉಷ್ಣಾಂಶವೇ. ಮೂರು ಸಾಲು ಖಾಲಿಯಾದ ಕೂಡಲೇ ಗಂಟೆ ಬಾರಿಸುವ ವ್ಯವಸ್ಥೆ ಇರಲಿ. ಆ ತಂತ್ರಾಂಶದ ಮೂಲ ಕೋಡ್ ನಿಮ್ಮ ಬಳಿ ಇದೆಯೇ?

ದಾವಣಗೆರೆಯ ಸದಸ್ಯರು: ಎಲ್ಲರಿಗೂ ಉಪಯೋಗವಾಗಲೆಂದು ಬೇರೆ ಗುಂಪಿನಲ್ಲಿ ಬಂದ ಸಂದೇಶವನ್ನು ಹಂಚುತ್ತಿದ್ದೇನೆ: «ಟಾಸ್ಕ್ ಮ್ಯಾನೇಜರಿನಲ್ಲಿ ತಂತ್ರಾಂಶದ ಆದ್ಯತೆಯನ್ನು ರಿಯಲ್‌ಟೈಮ್ ಮಾಡಿ, ಆಂಟಿವೈರಸ್ ತೆಗೆದುಹಾಕಿ, ಟೈಮರನ್ನು ಒಂದು ಮಿಲಿಸೆಕೆಂಡಿಗೆ ಇಡಿ. ಒಂದು ಅಂಕಿಯೂ ತಪ್ಪುವುದಿಲ್ಲ.»

ಇಂಜಿನಿಯರ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ರಿಯಲ್‌ಟೈಮ್ ಆದ್ಯತೆಯ ತಂತ್ರಾಂಶ ಬಿಡುವಿಲ್ಲದೆ ಓಡಿದರೆ ಮೌಸ್ ಸ್ಪಂದಿಸದಿರಬಹುದು, ಡಿಸ್ಕಿನ ಬಫರ್ (ಡಿಸ್ಕಿಗೆ ಬರೆಯಲು ಮೆಮೊರಿಯಲ್ಲಿ ಕಾದಿರುವ ಅಂಕಿಗಳು) ಖಾಲಿಯಾಗದಿರಬಹುದು ಎಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿದೆ. ಅಂಕಿ ಉಳಿಸಲು ಹೋಗಿ ಅಂಕಿಯನ್ನೇ ಕಳೆದುಕೊಳ್ಳುವಿರಿ. ವಿಂಡೋಸಿನ ಸಾಮಾನ್ಯ ಟೈಮರ್ ಸುಮಾರು 15.6 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ನಡೆಯುವಾಗ ಒಂದು ಮಿಲಿಸೆಕೆಂಡು ಎಂದು ಬರೆದುಬಿಟ್ಟರೆ ಏನು ಬಂತು? ಇಂಥವನ್ನು ಹಂಚುವ ಮುನ್ನ ಒಮ್ಮೆಯಾದರೂ ತಾವೇ ಪ್ರಯೋಗಿಸಿ ನೋಡಿ.

ಹುಬ್ಬಳ್ಳಿಯ ವಿದ್ಯಾರ್ಥಿ: ಮೇಡಂ, ನಾಳೆ ಪ್ರಾಜೆಕ್ಟ್ ಒಪ್ಪಿಸಬೇಕಾಗಿದೆ. ಪೂರ್ತಿ ಕೋಡ್ ಕಳುಹಿಸಲು ಸಾಧ್ಯವೇ?

ಭದ್ರಾವತಿಯ ನಿವೃತ್ತರು: ಇದೆಲ್ಲ ಏಕೆ ಬೇಕು? ನಮ್ಮ ಕಾಲದಲ್ಲಿ ಕಾಗದದ ಚಾರ್ಟಿನ ಮೇಲೆ ಪೆನ್ನು ಗೆರೆ ಎಳೆಯುತ್ತಿತ್ತು. ಶಾಯಿ ಮುಗಿದರೆ ಗೆರೆಯೇ ಇರುತ್ತಿರಲಿಲ್ಲ.

ವೈಟ್‌ಫೀಲ್ಡಿನ ಸದಸ್ಯರು: ಹಿರಿಯರೇ, ಕಾಗದವನ್ನು ಹುಡುಕಲು ಆಗುವುದಿಲ್ಲ. ಸಿಎಸ್‌ವಿಯನ್ನೂ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಬಿಟ್ಟು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸಬೇಕು. ಸೆಕೆಂಡಿಗೊಂದು ಸಾಲಾದರೆ ಎಕ್ಸೆಲ್ಲಿನ 10,48,576 ಸಾಲುಗಳು ಹನ್ನೆರಡು ದಿನಕ್ಕೆ ತುಂಬಿಹೋಗುತ್ತವೆ.

ಭದ್ರಾವತಿಯ ನಿವೃತ್ತರು: ದಿನಕ್ಕೊಂದು ಕಡತ ಮಾಡಿದರೆ ತುಂಬುವುದೆಲ್ಲಿಂದ? ರಾತ್ರಿ ಪಾಳಿಯ ಆಪರೇಟರ್ ನೋಟ್‌ಪ್ಯಾಡಿನಲ್ಲಿ ಸಿಎಸ್‌ವಿ ತೆರೆಯಬಲ್ಲ; ನಿಮ್ಮ ಎಸ್‌ಕ್ಯೂಲೈಟನ್ನು ತೆರೆಯಲು ನಿಮ್ಮನ್ನೇ ಎಬ್ಬಿಸಬೇಕು.

ವೈಟ್‌ಫೀಲ್ಡಿನ ಸದಸ್ಯರು: ಕರೆಂಟು ಹೋದಾಗ ಅರ್ಧ ಬರೆದ ಸಾಲನ್ನು ನಿಮ್ಮ ನೋಟ್‌ಪ್ಯಾಡ್ ಸರಿಪಡಿಸುತ್ತದೆಯೇ? ಕಲಿಯಲು ಮನಸ್ಸಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ.

ಭದ್ರಾವತಿಯ ನಿವೃತ್ತರು: ಯಂತ್ರದ ಮುಂದೆ ಒಂದು ರಾತ್ರಿ ನಿಂತು ನೋಡಿ, ಆಮೇಲೆ ನನಗೆ ಕಲಿಸಲು ಬನ್ನಿ.

ನಿರ್ವಾಹಕರು: ಇಬ್ಬರೂ ವಿಷಯಕ್ಕೆ ಬರಬೇಕು.

ಇಂಜಿನಿಯರ್: ದಿನಕ್ಕೊಂದು ಸಿಎಸ್‌ವಿ ಸಾಕಾಗುವ ಕಡೆ ಅದು ಸಾಕು. ಆದರೆ ಪ್ರತಿ ಸಾಲಿನ ನಂತರ ಡಿಸ್ಕಿನವರೆಗೂ ಫ್ಲಶ್ ಮಾಡಿ, ಅಂದರೆ ಮೆಮೊರಿಯಲ್ಲಿ ಕಾದಿರುವ ಅಂಕಿಯನ್ನು ಹೊರಕ್ಕೆ ತಳ್ಳಿ; ಬರಿಯ ಫ್ಲಶ್ ಅಂಕಿಯನ್ನು ವಿಂಡೋಸಿನ ಕೈಗೆ ಕೊಡುತ್ತದೆಯೇ ಹೊರತು ಡಿಸ್ಕಿಗೆ ತಲುಪಿಸುವುದಿಲ್ಲ. ನಡೆಯುತ್ತಿರುವ ಕಡತವನ್ನು ಎಕ್ಸೆಲ್ಲಿನಲ್ಲಿ ನೇರವಾಗಿ ತೆರೆಯಬೇಡಿ, ನಕಲು ಮಾಡಿ ತೆರೆಯಿರಿ. ಎಕ್ಸೆಲ್ ಕಡತಕ್ಕೆ ಬೀಗ ಹಾಕುತ್ತದೆ. ನೀವು ಸೇವ್ ಒತ್ತಿದರೆ ಪರದೆಯಲ್ಲಿ ಕಾಣದ ಸೆಕೆಂಡುಗಳು ಕಡತದಿಂದಲೂ ಮಾಯವಾಗುತ್ತವೆ.

ತುಮಕೂರಿನ ಸದಸ್ಯರು: ನನ್ನ ವಿಬಿ (ವಿಶುವಲ್ ಬೇಸಿಕ್) ಟೈಮರ್ ಹತ್ತು ನಿಮಿಷ ತೆಗೆದುಕೊಳ್ಳುತ್ತಿಲ್ಲ, ಪರಿಹಾರ ತಿಳಿಸಿ.

ಇಂಜಿನಿಯರ್: ಮೊದಲ ಉತ್ತರವನ್ನು ಓದಿ.

ಕಾರವಾರದ ಸದಸ್ಯರು: ದಾಖಲೆಯನ್ನು ವಾಟ್ಸ್‌ಆ್ಯಪ್‌ಗೆ ತಾನಾಗಿಯೇ ಕಳುಹಿಸುವಂತೆ ಮಾಡಬಹುದೇ?

ಬ್ಯಾಡಗಿಯ ಸದಸ್ಯರು: ಮೂಲ ಕೋಡ್ ಸಿಕ್ಕಿತು ಮೇಡಂ. ನೀವು ಹೇಳಿದಂತೆಯೇ «ಆನ್ ಎರರ್ ರೆಸ್ಯೂಮ್ ನೆಕ್ಸ್ಟ್» ಎಂಬ ಒಂದೇ ಸಾಲು ಎಲ್ಲ ದೋಷಗಳನ್ನೂ ನುಂಗುತ್ತಿತ್ತು. ಆದರೆ ಖರೀದಿದಾರರು ತಿಂಗಳ ದಾಖಲೆ ಕೇಳಿದ್ದಾರೆ. ಆ ಆರು ಗಂಟೆಗೆ ಅಂದಾಜಿನ ಏರಿಕೆಯನ್ನು ತುಂಬಿ ಕೊಡೋಣವೆಂದು ಮಾಲೀಕರು ಹೇಳುತ್ತಿದ್ದಾರೆ. ಕಾವಲುಗಾರರ ಪುಸ್ತಕದಲ್ಲಿ ಗೋಡೆಯ ಥರ್ಮಾಮೀಟರಿನ ಎರಡು ಅಂಕಿಗಳೂ ಇವೆ: ಎರಡು ಗಂಟೆಗೆ 9, ನಾಲ್ಕಕ್ಕೆ 11.

ಇಂಜಿನಿಯರ್: ತುಂಬುವ ವಿಧಾನವನ್ನು ನಾನು ಹೇಳಿಕೊಡುವುದಿಲ್ಲ. ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇಡಿ. ಖರೀದಿದಾರರಿಗೆ ಕೊಡುವ ಪ್ರತಿಯಲ್ಲಿ ಆ ಮುನ್ನೂರ ಅರವತ್ತು ಸಾಲುಗಳ ಉಷ್ಣಾಂಶವನ್ನು ಖಾಲಿ ಬಿಟ್ಟು, ಷರಾ ಕಾಲಂನಲ್ಲಿ ಕಾವಲುಗಾರರ ಪುಸ್ತಕದ ಪುಟ ಸಂಖ್ಯೆಯನ್ನು ಬರೆಯಿರಿ. ಆ ಎರಡು ಅಂಕಿಗಳು ಬೇರೆ ಉಪಕರಣದವು, ಅವನ್ನು ಕಾಲಂನೊಳಗೆ ಸೇರಿಸಬೇಡಿ.

ಬ್ಯಾಡಗಿಯ ಸದಸ್ಯರು: ಮಾಲೀಕರು ಒಪ್ಪುವುದು ಕಷ್ಟ.

ಇಂಜಿನಿಯರ್: ಒಪ್ಪದಿದ್ದರೆ ಕಾವಲುಗಾರರ ಪುಸ್ತಕದ ಆ ಪುಟದ ಫೋಟೋವನ್ನಾದರೂ ಈಗಲೇ ತೆಗೆದಿಟ್ಟುಕೊಳ್ಳಿ.

ಹುಬ್ಬಳ್ಳಿಯ ವಿದ್ಯಾರ್ಥಿ: ಮೇಡಂ, ಕೋಡ್?